ಇಪ್ಪತ್ತೊಂಬತ್ತು ದಿನದ ಫೆಬ್ರವರಿ, 1928

ಹೈಸ್ಕೂಲಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಪಾಠ ಮಾಡಿದೀನಿ. ಸೈಮನ್ ಕಮಿಷನ್ ಅಂದ್ರೆ ಸ್ವಾತಂತ್ರ್ಯ ಹೋರಾಟದ ಪಾಠ, ಬಾರ್ಡೋಲಿ ಅಂದ್ರೆ ರೈತ ಹೋರಾಟಗಳ ಪಾಠ, ಸ್ಟಾಲಿನ್ ಬರೋದು ಇಪ್ಪತ್ತನೇ ಶತಮಾನದ ರಾಜಕೀಯ ಅನ್ನೋ ಪಾಠದಲ್ಲಿ, ಇನ್ನು ರಾಮನ್ ಪರಿಣಾಮ ಪಕ್ಕದ ಕ್ಲಾಸಿನ ಸೈನ್ಸ್ ಮೇಷ್ಟ್ರಿಗೆ ಸೇರಿದ್ದು. ಹೀಗೇ ಕಲಿತು ಹೀಗೇ ಕಲಿಸಿದ್ವಿ. ರಿಟೈರ್ ಆದ್ಮೇಲೆ ಒಂದಿನ ಸುಮ್ನೆ ಕೂತು ತಾರೀಖು ಬರ್ಕೊಳ್ತಾ ಹೋದಾಗ ಗೊತ್ತಾಯ್ತು, ಈ ನಾಲ್ಕೂ ಒಂದೇ ತಿಂಗಳಲ್ಲಿ ನಡೆದಿದ್ದು. ಒಂದೇ ವರ್ಷ ಅಲ್ಲ, ಒಂದೇ ತಿಂಗಳು. 1928ರ ಫೆಬ್ರವರಿ. ಆವಾಗಿಂದ ಆ ತಿಂಗಳು ನನ್ನನ್ನ ಬಿಟ್ಟಿಲ್ಲ, ಅದಕ್ಕೇ ಇವತ್ತು ನಿಮ್ಮ ಮುಂದೆ ಅದನ್ನೇ ದಿನದ ಲೆಕ್ಕದಲ್ಲಿ ಇಡ್ತೀನಿ.

ಅಧಿಕ ವರ್ಷ ಅದು. ಬುಧವಾರ ಶುರುವಾಗಿ ಬುಧವಾರವೇ ಮುಗಿಯೋ ಫೆಬ್ರವರಿ. ನಾವು ಈಗ ಆ ಕಾಲಕ್ಕೆ ಎರಡು ಮಹಾಯುದ್ಧಗಳ ನಡುವಿನ ಕಾಲ ಅಂತ ಹೆಸರಿಡ್ತೀವಿ, ಆದರೆ ಅವತ್ತು ಬದುಕಿದ್ದವರಿಗೆ ಅದು ಯಾವುದರ ನಡುವೇನೂ ಅಲ್ಲ. ಯುದ್ಧ ಮುಗಿದು ಒಂಬತ್ತು ವರ್ಷ ಆಗಿತ್ತು, ಇನ್ನೊಂದು ಬರತ್ತೆ ಅಂತ ಅವರಿಗೆ ಹೇಗೆ ಗೊತ್ತು? ಅಮೆರಿಕದ ಷೇರು ಮಾರ್ಕೆಟ್ ಬೀಳೋಕೆ ಇನ್ನೂ ಇಪ್ಪತ್ತು ತಿಂಗಳಿತ್ತು. ಇದನ್ನ ಮನಸ್ಸಲ್ಲಿ ಇಟ್ಕೊಂಡೇ ಕೇಳಿ.

ಫೆಬ್ರವರಿ 3, ಶುಕ್ರವಾರ. ಬೊಂಬಾಯಿ ಬಂದರಲ್ಲಿ ಏಳು ಜನ ಹಡಗಿಳಿದ್ರು. ಸರ್ ಜಾನ್ ಸೈಮನ್ ಮತ್ತೆ ಆರು ಮಂದಿ, ಎಲ್ಲರೂ ಬ್ರಿಟಿಷ್ ಪಾರ್ಲಿಮೆಂಟಿನವರು. ಇಂಡಿಯಾಕ್ಕೆ ಮುಂದೆ ಎಂಥ ಆಡಳಿತ ಕೊಡಬೇಕು ಅಂತ ವಿಚಾರಿಸೋಕೆ ಬಂದವರು, ಆದರೆ ಅವರಲ್ಲಿ ಒಬ್ಬನೇ ಒಬ್ಬ ಭಾರತೀಯ ಇಲ್ಲ. ನಮ್ಮ ಮನೆ ಹೇಗೆ ನಡೀಬೇಕು ಅಂತ ನಮ್ಮನ್ನ ಕೂರಿಸ್ಕೊಳ್ಳದೇ ತೀರ್ಮಾನ ಮಾಡ್ತಾರಂತೆ! ಊರೂರಲ್ಲಿ ಹರತಾಳ ಆಯ್ತು, ಅಂಗಡಿ ಮುಚ್ಚಿದ್ವು, ಕಪ್ಪು ಬಾವುಟ ಹಿಡಿದ್ರು. "ಸೈಮನ್ ಗೋ ಬ್ಯಾಕ್" ಅನ್ನೋ ಕೂಗು ಕೊಟ್ಟವರು ಬೊಂಬಾಯಿಯ ಯೂಸುಫ್ ಮೆಹರಲಿ, ಆವಾಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಮದ್ರಾಸಿನಲ್ಲಿ ಅದೇ ದಿನ ಪೊಲೀಸರು ಗೋಲಿಬಾರ್ ಮಾಡಿದ್ರು, ಜೀವ ಹೋಯ್ತು. ಸತ್ತವನನ್ನ ನೋಡೋಕೆ ಹೊರಟ ಕಾಂಗ್ರೆಸ್ ಮುಖಂಡ ಟಂಗುಟೂರಿ ಪ್ರಕಾಶಂ ಅವರನ್ನ ಬಂದೂಕು ತೋರಿಸಿ ತಡೆದಾಗ ಅವರು ಅಂಗಿ ಸರಿಸಿ ಎದೆ ಒಡ್ಡಿ ನಿಂತ್ರು. ಆಮೇಲೆ ಅವರು ಆಂಧ್ರ ಕೇಸರಿ ಆದ್ರು.

ಇಲ್ಲಿ ಒಂದು ಮಾತು ಹೇಳ್ಬೇಕು, ಪಾಠಪುಸ್ತಕದಲ್ಲಿ ಇದು ಬಿಟ್ಟುಹೋಗತ್ತೆ. ಎಲ್ಲರೂ ಬಹಿಷ್ಕಾರ ಹಾಕಿದ್ರು ಅನ್ನೋದು ಪೂರ್ತಿ ನಿಜ ಅಲ್ಲ. ಅದೇ ವರ್ಷ ಅಕ್ಟೋಬರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಪುಣೆಯಲ್ಲಿ ಕಮಿಷನ್ ಮುಂದೆ ಹೋಗಿ ಸಾಕ್ಷಿ ಹೇಳಿದ್ರು. ಯಾಕೆ ಅಂತ ಯೋಚನೆ ಮಾಡಿ. ಬಿಳಿಯರು ನಮ್ಮನ್ನ ಕೇಳಲಿಲ್ಲ ಅನ್ನೋ ಸಿಟ್ಟು ಮೇಲಿನವರಿಗೆ ಎಷ್ಟಿತ್ತೋ, ಮೇಲಿನವರು ನಮ್ಮನ್ನ ಯಾವತ್ತು ಕೇಳಿದ್ರು ಅನ್ನೋ ಸಿಟ್ಟು ಕೆಳಗಿನವರಿಗೆ ಅದಕ್ಕಿಂತ ಹಳೇದಿತ್ತು. ಎರಡೂ ನಿಜ. ಒಂದನ್ನ ಮುಚ್ಚಿ ಇನ್ನೊಂದನ್ನ ಹೇಳಬಾರದು.

ಆ ಏಳು ಜನರಲ್ಲಿ ಒಬ್ಬರು ಲೇಬರ್ ಪಕ್ಷದ ಎಂಪಿ, ನಲವತ್ತೈದು ವರ್ಷದವರು, ಹೆಚ್ಚು ಮಾತಾಡೋರಲ್ಲ. ಹೆಸರು ಕ್ಲೆಮೆಂಟ್ ಅಟ್ಲಿ. ಹೌದು, ಅದೇ ಅಟ್ಲಿ. 1947ರ ಫೆಬ್ರವರಿ 20ಕ್ಕೆ, ಪ್ರಧಾನಿಯಾಗಿ, ನಾವು ಇಂಡಿಯಾ ಬಿಟ್ಟು ಹೋಗ್ತೀವಿ ಅಂತ ಪಾರ್ಲಿಮೆಂಟಲ್ಲಿ ಹೇಳಿದವರು.

ಈಗ ಸ್ವಲ್ಪ ದೂರ ಹೋಗೋಣ, ಸೈಬೀರಿಯಾಕ್ಕೆ. ಜನವರಿ 15ಕ್ಕೆ ಸ್ಟಾಲಿನ್ ಮಾಸ್ಕೋದಿಂದ ರೈಲು ಹತ್ತಿದ್ದ, ಮೂರು ವಾರ ನೊವೊಸಿಬಿರ್ಸ್ಕ್, ಬರ್ನೌಲ್, ಓಮ್ಸ್ಕ್ ಅಂತ ಸುತ್ತಿ ಫೆಬ್ರವರಿ 6ಕ್ಕೆ ವಾಪಸ್ ಬಂದ. ಯಾಕೆ ಹೋಗಿದ್ದ? ಧಾನ್ಯಕ್ಕೆ. ಆ ವರ್ಷ ಸರ್ಕಾರಕ್ಕೆ ಬರಬೇಕಾದ ಧಾನ್ಯ ಹಿಂದಿನ ವರ್ಷಕ್ಕಿಂತ ಸುಮಾರು 20 ಲಕ್ಷ ಟನ್ ಕಮ್ಮಿ ಬಿದ್ದಿತ್ತು. ಬೆಳೆ ಪೂರಾ ನಾಶ ಆಗಿತ್ತು ಅಂತಲ್ಲ, ಸರ್ಕಾರ ಕೊಡ್ತಿದ್ದ ರೇಟು ಸಾಲ್ತಿರಲಿಲ್ಲ, ಆ ದುಡ್ಡಲ್ಲಿ ಕೊಳ್ಳೋಣ ಅಂದ್ರೆ ಪೇಟೆಯಲ್ಲಿ ಸಾಮಾನೂ ಇಲ್ಲ, ಹಾಗಾಗಿ ರೈತರು ಧಾನ್ಯ ಮನೇಲೇ ಇಟ್ಕೊಂಡ್ರು. ನಿಮ್ಮಲ್ಲಿ ಅಡಿಕೆ ಬೆಳೆಯೋರು ಇದ್ರೆ ಇದು ಬಿಡಿಸಿ ಹೇಳಬೇಕಾಗಿಲ್ಲ. ರೇಟ್ ಇಲ್ಲ ಅಂದ್ರೆ ಚೀಲ ಅಟ್ಟದ ಮೇಲೆ, ಅಷ್ಟೇ.

ಸ್ಟಾಲಿನ್ ಹೇಳಿದ್ದೇನು ಗೊತ್ತಾ? ಕ್ರಿಮಿನಲ್ ಕಾನೂನಿನ 107ನೇ ಕಲಂ ಹಾಕಿ ಅಂದ. ಅದು ಕಾಳಸಂತೆಯವರಿಗೆ, ದಾಸ್ತಾನು ಮಾಡೋರಿಗೆ ಅಂತ ಇದ್ದ ಕಲಂ, ಅದನ್ನ ತನ್ನ ಹೊಲದ ಧಾನ್ಯ ತನ್ನ ಮನೇಲಿ ಇಟ್ಟ ರೈತನ ಮೇಲೆ ಹಾಕಿದ್ರು. ಜಪ್ತಿ ಆದ ಧಾನ್ಯದಲ್ಲಿ ಕಾಲು ಪಾಲು ಅದೇ ಊರಿನ ಬಡವರಿಗೆ ಕಡಿಮೆ ರೇಟಲ್ಲಿ, ಅಂದ್ರೆ ಯಾರ ಮನೇಲಿ ಎಷ್ಟು ಅಡಗಿದೆ ಅಂತ ಪಕ್ಕದ ಮನೆಯವನೇ ತೋರಿಸ್ಲಿ ಅನ್ನೋ ಏರ್ಪಾಟು. ಒಂದು ಊರನ್ನ ಒಡೆಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಅದೇ ಹೊತ್ತಿಗೆ ಪಕ್ಷದೊಳಗಿನ ಎದುರಾಳಿ ಟ್ರಾಟ್ಸ್ಕಿಯನ್ನ ದೂರದ ಅಲ್ಮಾ-ಅತಾಕ್ಕೆ ಗಡೀಪಾರು ಮಾಡಿ ಆಗಿತ್ತು, ಎದುರು ಮಾತಾಡೋ ದೊಡ್ಡ ದನಿ ಮಾಸ್ಕೋದಲ್ಲಿ ಉಳಿದಿರಲಿಲ್ಲ. ಮುಂದೆ ಎರಡು ವರ್ಷಕ್ಕೆ ಸಾಮೂಹಿಕ ಬೇಸಾಯದ ಬಲವಂತ, ಐದು ವರ್ಷ ಆಗೋದ್ರಲ್ಲಿ ಲಕ್ಷಾಂತರ ಜನ ಸತ್ತ ಕ್ಷಾಮ. ಸ್ಟಾಲಿನ್ ಸತ್ತ ಮೇಲೆ ಪಕ್ಷದ ಮುಖ್ಯಸ್ಥನಾದ ಕ್ರುಶ್ಚೇವ್ 1956ರಲ್ಲಿ ಪಕ್ಷದ ಸಭೆಯಲ್ಲಿ ಹೇಳಿದ ಹಾಗೆ, ಸ್ಟಾಲಿನ್ ಕೊನೇ ಸಲ ಒಂದು ಹಳ್ಳಿಗೆ ಅಂತ ಹೋಗಿದ್ದೇ ಈ ಸೈಬೀರಿಯಾದ ಟೂರಲ್ಲಿ. ಆಮೇಲೆ ಇಪ್ಪತ್ತೈದು ವರ್ಷ ರೈತರ ಬದುಕನ್ನ ತೀರ್ಮಾನ ಮಾಡಿದ, ಹಳ್ಳಿಗೆ ಕಾಲಿಡಲಿಲ್ಲ.

ಫೆಬ್ರವರಿ 7, ಮಂಗಳವಾರ. ಲಂಡನ್ ಹತ್ರ ಕ್ರಾಯ್ಡನಿಂದ ಬರ್ಟ್ ಹಿಂಕ್ಲರ್ ಅನ್ನೋ ಆಸ್ಟ್ರೇಲಿಯಾದವರು ಒಂದು ಪುಟ್ಟ ವಿಮಾನದಲ್ಲಿ ಒಬ್ಬರೇ ಹೊರಟ್ರು, ಮೇಲೆ ಚಾವಣಿ ಇಲ್ಲದ ವಿಮಾನ, ಮುಖಕ್ಕೆ ನೇರ ಗಾಳಿ. ಕರಾಚಿ, ಕಲ್ಕತ್ತಾ, ರಂಗೂನ್ ದಾಟ್ಕೊಂಡು 22ಕ್ಕೆ ಆಸ್ಟ್ರೇಲಿಯಾದ ಡಾರ್ವಿನ್ ಮುಟ್ಟಿದ್ರು. ಹದಿನೈದೂವರೆ ದಿನ. ಅದಕ್ಕೆ ಮುಂಚೆ ನಾಲ್ಕು ಜನ ಸೇರಿ ದೊಡ್ಡ ವಿಮಾನದಲ್ಲಿ ಹೋದಾಗ 28 ದಿನ ಹಿಡಿದಿತ್ತು. ಹಿಂಕ್ಲರ್ ಹೊರಟ ಅದೇ 7ನೇ ತಾರೀಖು ರಾತ್ರಿ ಒಂಬತ್ತರ ಹೊತ್ತಿಗೆ ಕಲ್ಕತ್ತಾದಲ್ಲಿ, ಸಿ.ವಿ. ರಾಮನ್ ಜೊತೆ ಲ್ಯಾಬಲ್ಲಿ ಕೆಲಸ ಮಾಡ್ತಿದ್ದ ಕೆ.ಎಸ್. ಕೃಷ್ಣನ್ ಊಟ ಮುಗಿಸಿ ಮಹಡಿ ಮೇಲೆ ಗೆಳೆಯರ ಜೊತೆ ಮಾತಾಡ್ತಾ ಕೂತಿದ್ರು, ಕೆಳಗಿಂದ ಯಾರೋ ಕರೆದ ಹಾಗಾಯ್ತು, ಇಳಿದು ನೋಡಿದ್ರೆ ಪ್ರೊಫೆಸರ್ ರಾಮನ್. ಬೆಳಿಗ್ಗೆ ಲ್ಯಾಬಲ್ಲಿ ಕಂಡಿದ್ದು ಏನಿರಬಹುದು ಅಂತ ಹೊಳೆದಿದೆ, ನಾಳೆವರೆಗೂ ತಡ್ಕೊಳ್ಳೋಕಾಗದೆ ಮನೆ ಬಾಗಿಲಿಗೇ ಬಂದಿದ್ರು. ಕೃಷ್ಣನ್ ಇದನ್ನ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಇವರ ಕಥೆಗೆ ಕೊನೇಗೆ ಬರ್ತೀನಿ.

ಮಾರನೇ ದಿನ ರಾತ್ರಿ ಜಾನ್ ಬೇರ್ಡ್ ಲಂಡನಿಂದ ನ್ಯೂಯಾರ್ಕ್ ಹತ್ರದ ಹಾರ್ಟ್ಸ್‌ಡೇಲ್ ಅನ್ನೋ ಊರಿಗೆ ಟಿವಿ ಚಿತ್ರ ಕಳಿಸಿದ್ರು, ಬರೀ ಮೂವತ್ತು ಗೆರೆಯ ಮಬ್ಬು ಚಿತ್ರ, ಆದರೆ ಒಂದು ಮುಖ ಅಟ್ಲಾಂಟಿಕ್ ಸಮುದ್ರ ದಾಟಿದ್ದು ಅದೇ ಮೊದಲು. ಫೆಬ್ರವರಿ 10ಕ್ಕೆ ಹಾಲೆಂಡಿನ ಹಾರ್ಲೆಮಲ್ಲಿ ಭೌತಶಾಸ್ತ್ರಜ್ಞ ಲೊರೆಂಟ್ಜ್ ಅಂತ್ಯಕ್ರಿಯೆ. ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಇಡೀ ದೇಶದ ಟೆಲಿಗ್ರಾಫು, ಟೆಲಿಫೋನು ಮೂರು ನಿಮಿಷ ನಿಲ್ಲಿಸಿದ್ರು. ಒಬ್ಬ ವಿಜ್ಞಾನಿಗೆ ಒಂದು ದೇಶ ಹಾಗೆ ಮೌನ ಆಗಿದ್ದು ಓದಿದಾಗ ನನಗೆ ಗಂಟಲು ಕಟ್ಟಿತು. 11ರಿಂದ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜಲ್ಲಿ ಚಳಿಗಾಲದ ಒಲಿಂಪಿಕ್ಸ್, ನಾರ್ವೆಯ ಹದಿನೈದು ವರ್ಷದ ಹುಡುಗಿ ಸೋನ್ಯಾ ಹೆನಿ ಸ್ಕೇಟಿಂಗಲ್ಲಿ ಚಿನ್ನ ಗೆದ್ದಳು. ಮಧ್ಯದಲ್ಲಿ ಬಿಸಿಗಾಳಿ ಬೀಸಿ ಮಂಜು ಕರಗಿ ಒಂದು ಸ್ಪರ್ಧೆಯನ್ನೇ ರದ್ದು ಮಾಡಬೇಕಾಯ್ತು.

ಈಗ ಫೆಬ್ರವರಿ 12, ಭಾನುವಾರ. ಇಲ್ಲಿ ಸ್ವಲ್ಪ ನಿಲ್ತೀನಿ.

ಗುಜರಾತಿನ ಸೂರತ್ ಜಿಲ್ಲೆ ಬಾರ್ಡೋಲಿ ತಾಲ್ಲೂಕು. 137 ಹಳ್ಳಿ, ಎಂಬತ್ತೇಳು ಸಾವಿರದ ಆಸುಪಾಸು ಜನ, ಕಪ್ಪು ಮಣ್ಣು, ಹತ್ತಿ ಬೆಳೆ. ಆವಾಗ ಮೂವತ್ತು ವರ್ಷಕ್ಕೊಮ್ಮೆ ಕಂದಾಯದ ಮರುನಿಗದಿ ಆಗ್ತಿತ್ತು. ಅದಕ್ಕೆ ನೇಮಿಸಿದ ಡೆಪ್ಯೂಟಿ ಕಲೆಕ್ಟರು ಶೇಕಡಾ 30 ಏರಿಸಿ ಅಂತ ಬರೆದ್ರು, ಸರ್ಕಾರ ಕೊನೇಗೆ 22ಕ್ಕೆ ಇಳಿಸಿತು. ಕಾರಣ ಏನು ಕೊಟ್ಟಿದ್ರು ಅಂತ ಕೇಳಿ: ತಪತಿ ಕಣಿವೆಗೆ ರೈಲು ಬಂದಿದೆ, ರಸ್ತೆ ಆಗಿದೆ, ಪಕ್ಕಾ ಮನೆ ಹೆಚ್ಚಾಗಿವೆ, ಎತ್ತು-ಎಮ್ಮೆ-ಗಾಡಿ ಜಾಸ್ತಿ ಆಗಿದೆ. ಅಂದ್ರೆ ಮನೆಗೆ ಹೆಂಚು ಹಾಕ್ಸಿದ್ದೇ ತಪ್ಪಾಯ್ತು! ಕಷ್ಟಪಟ್ಟು ಒಂದು ಎಮ್ಮೆ ಕಟ್ಟಿದ್ರೆ ಆ ಎಮ್ಮೆ ನೋಡಿ ಕಂದಾಯ. ಸಾಗುವಳಿಗೆ ಖರ್ಚೆಷ್ಟು, ಸಾಲ ಎಷ್ಟು, ಹತ್ತಿ ರೇಟು ಯುದ್ಧ ಮುಗಿದ ಹೊಸದರಲ್ಲಿ ಇದ್ದ ಹಾಗೇ ಇದೆಯಾ ಬಿದ್ದಿದೆಯಾ, ಹಳ್ಳಿಗೆ ಹೋಗಿ ರೈತನ ಎದುರು ಕೂತು ಸರಿಯಾಗಿ ಕೇಳಿದವರಿಲ್ಲ. ಇಲ್ಲೂ ಅದೇ ಕಥೆ ನೋಡಿ.

ಊರವರು ವಲ್ಲಭಭಾಯಿ ಪಟೇಲರನ್ನ ಕರೆದ್ರು. ಆವಾಗ ಅವರು ಅಹಮದಾಬಾದ್ ಮುನಿಸಿಪಾಲಿಟಿ ಅಧ್ಯಕ್ಷರಾಗಿ ಕೆಲಸ ಮಾಡಿದ್ದ ವಕೀಲರು, ಸರ್ದಾರ್ ಅನ್ನೋ ಹೆಸರು ಇನ್ನೂ ಇಲ್ಲ. ಅವರು ಬಂದ ತಕ್ಷಣ ಹೂಂ ಅನ್ನಲಿಲ್ಲ. ಜಮೀನು ಹೋಗಬಹುದು, ಜೈಲಾಗಬಹುದು, ಮನೇಲಿ ಮಾತಾಡ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ಗವರ್ನರಿಗೆ ಕಾಗದ ಬರೆದ್ರು, ಸ್ವತಂತ್ರ ವಿಚಾರಣೆ ಮಾಡಿಸಿ ಅಂತ. ಸರಿಯಾದ ಉತ್ತರ ಇಲ್ಲ. 12ಕ್ಕೆ ರೈತರು ಸೇರಿ ಕಂದಾಯ ಕೊಡಲ್ಲ ಅಂತ ಠರಾವು ಮಾಡಿದ್ರು.

ಈ ತಾರೀಖಿಗೆ ಒಂದು ಹಿನ್ನೆಲೆ ಇದೆ. ಸರಿಯಾಗಿ ಆರು ವರ್ಷದ ಹಿಂದೆ, 1922ರ ಫೆಬ್ರವರಿ 12ಕ್ಕೆ, ಇದೇ ಬಾರ್ಡೋಲಿಯಲ್ಲೇ ಕಾಂಗ್ರೆಸ್ ಕಾರ್ಯಕಾರಿಣಿ ಸೇರಿ, ಚೌರಿಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟಿದ್ದಕ್ಕೆ, ಅಸಹಕಾರ ಚಳುವಳಿ ನಿಲ್ಲಿಸಿತ್ತು. ಆಗಲೂ ಕರನಿರಾಕರಣೆಗೆ ಆರಿಸಿದ್ದ ತಾಲ್ಲೂಕು ಇದೇ. ತಯಾರಾಗಿ ನಿಂತಿದ್ದ ಜನಕ್ಕೆ ಬೇಡ, ಮನೆಗೆ ಹೋಗಿ ಅಂದಿದ್ರು. ಆರು ವರ್ಷ ಅದನ್ನ ನುಂಗ್ಕೊಂಡು ಕೂತವರು ಮತ್ತೆ ಎದ್ದಿದ್ದು ಇದು.

ಆಮೇಲೆ ಜಪ್ತಿ ಶುರು. ಜಪ್ತಿದಾರರು ಬರ್ತಿದಾರೆ ಅಂತ ಗೊತ್ತಾದ್ರೆ ಡೋಲು ಬಾರಿಸೋದು, ಶಂಖ ಊದೋದು, ಎಲ್ಲರೂ ಬಾಗಿಲು ಹಾಕ್ಕೊಂಡು ಎಮ್ಮೆ ಸಮೇತ ಒಳಗೆ ಕೂರೋದು. ಆ ಸೀಮೆಯ ಎಮ್ಮೆ ಅಂದ್ರೆ ಹಾಲು, ತುಪ್ಪ, ಮನೆಯ ಜೀವ, ಅದನ್ನೇ ಎಳ್ಕೊಂಡು ಹೋಗಿ ಹರಾಜು ಹಾಕ್ತಿದ್ರು. ತಿಂಗಳುಗಟ್ಟಲೆ ಬಿಸಿಲು ಕಾಣದೆ ಎಮ್ಮೆಗಳ ಮೈ ಬಣ್ಣ ಬಿಳಿಚಿ ಹೋಯ್ತಂತೆ. ಒಂದೇ ಕೋಣೇಲಿ ಮಕ್ಕಳು, ಮುದುಕರು, ಎಮ್ಮೆ, ಸಗಣಿ, ಸೆಕೆ. ಗುಜರಾತಿನ ಏಪ್ರಿಲ್ ಮೇ ಬಿಸಿಲು ಗೊತ್ತಲ್ಲ? ಚಳುವಳಿ ಅಂದ್ರೆ ನಮಗೆ ಮೆರವಣಿಗೆ, ಭಾಷಣ ನೆನಪಾಗತ್ತೆ. ಬಾರ್ಡೋಲಿ ನಡೆದಿದ್ದು ಆ ಕತ್ತಲೆ ಕೋಣೆಯೊಳಗೆ, ಅದನ್ನ ಹೊತ್ತವರು ಹೆಚ್ಚಾಗಿ ಹೆಂಗಸರು.

ನಮ್ಮದು ಸಿದ್ದಾಪುರ ಸೀಮೆ, ಅದಕ್ಕೇ ಇದು ನನಗೆ ದೂರದ ಕಥೆ ಅನ್ಸಲ್ಲ. ಉತ್ತರ ಕನ್ನಡ ಆವಾಗ ಅದೇ ಬೊಂಬಾಯಿ ಸರ್ಕಾರದ ಕೆಳಗಿತ್ತು. ಬಾರ್ಡೋಲಿ ನೋಡಿ ಕಲಿತೇ 1931-32ರಲ್ಲಿ ಸಿದ್ದಾಪುರ, ಅಂಕೋಲಾ ಕಡೆ ಕರನಿರಾಕರಣೆ ನಡೀತು, ಜಪ್ತಿ ಮಾಲು ಕೊಂಡವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತ್ರು. ನಮ್ಮಜ್ಜಿ ಆವಾಗ ಹೊಸದಾಗಿ ಮದುವೆಯಾಗಿ ಬಂದವಳು. ಜಪ್ತಿಯವರು ಬರ್ತಾರೆ ಅಂತ ಸುದ್ದಿ ಬಂದ ರಾತ್ರಿ ಬಚ್ಚಲೊಲೆಯಿಂದ ತಾಮ್ರದ ಹಂಡೆ ಕಿತ್ತು, ಕಿವಿಗೆ ಹಗ್ಗ ಕಟ್ಟಿ ತೋಟದ ಬಾವಿಗೆ ಇಳಿಸಿದ್ರಂತೆ. ತಿಂಗಳುಗಟ್ಟಲೆ ಮಣ್ಣಿನ ಮಡಕೇಲೇ ಸ್ನಾನಕ್ಕೆ ನೀರು ಕಾಯಿಸಿದ್ದು. ಮೇಲೆತ್ತಿದಾಗ ಹಂಡೆ ತುಂಬಾ ಹಸಿರು ಕಿಲುಬು, ವಾಟೆಹುಳಿ ಹಾಕಿ ತಿಕ್ಕಿ ತಿಕ್ಕಿ ಕೈ ಸಿಪ್ಪೆ ಎದ್ದಿತ್ತು ಅಂತಿದ್ದಳು. ಅಜ್ಜಿಗೆ ವರ್ಷ ಗೊತ್ತಿರಲಿಲ್ಲ, ಬಾರ್ಡೋಲಿ ಅನ್ನೋ ಹೆಸರೂ ಗೊತ್ತಿರಲಿಲ್ಲ. "ಜಪ್ತಿ ವರ್ಷ" ಅಂತಿದ್ದಳು ಅಷ್ಟೇ.

ಬಾರ್ಡೋಲಿ ಆಗಸ್ಟಲ್ಲಿ ಗೆದ್ದಿತು. ಸರ್ಕಾರವೇ ನೇಮಿಸಿದ ಬ್ರೂಮ್‌ಫೀಲ್ಡ್, ಮ್ಯಾಕ್ಸ್‌ವೆಲ್ ಅನ್ನೋ ಇಬ್ಬರು ಅಧಿಕಾರಿಗಳು ಈ ಸಲ ಹಳ್ಳಿ ಹಳ್ಳಿಗೆ ಹೋದ್ರು, ಕೇಳಿದ್ರು, ಲೆಕ್ಕ ಹಾಕಿದ್ರು. ಏರಿಕೆ ಸುಮಾರು ಶೇಕಡಾ 6 ಮಾತ್ರ ಸರಿ ಅಂದ್ರು. 22 ಎಲ್ಲಿ, 6 ಎಲ್ಲಿ! ಕೇಳಿದ್ದಕ್ಕೂ ಕೇಳದೇ ಇದ್ದದ್ದಕ್ಕೂ ಇರೋ ಅಂತರ ಅದು. ಆದರೆ ಇದನ್ನೂ ಸೇರಿಸ್ತೀನಿ: ಗೆದ್ದಿದ್ದು ಜಮೀನಿದ್ದವರು. ಅದೇ ಹೊಲಗಳಲ್ಲಿ ಜೀತಕ್ಕಿದ್ದ ದುಬ್ಲಾ ಜನರಿಗೆ ಕಂದಾಯ ಏರಿದ್ರೂ ಇಳಿದ್ರೂ ಜೀತ ಜೀತವೇ. ಅವರ ಪ್ರಶ್ನೆಯನ್ನ ಆ ಗೆಲುವು ಮುಟ್ಟಲಿಲ್ಲ.

ಆ 12ನೇ ತಾರೀಖಿಗೇ ದೆಹಲಿಯಲ್ಲಿ ಸರ್ವಪಕ್ಷ ಸಮ್ಮೇಳನವೂ ಶುರುವಾಯ್ತು. ನೀವು ಒಟ್ಟಾಗಿ ಒಂದು ಸಂವಿಧಾನ ಬರೆದು ತೋರ್ಸಿ ನೋಡೋಣ ಅಂತ ಬ್ರಿಟಿಷ್ ಮಂತ್ರಿ ಬರ್ಕನ್‌ಹೆಡ್ ಸವಾಲು ಹಾಕಿದ್ರು, ಅದಕ್ಕೆ ಉತ್ತರ ಕೊಡೋಕೆ ಸೇರಿದ್ದು. ಅದರಿಂದ ಆಗಸ್ಟಲ್ಲಿ ಮೋತಿಲಾಲ್ ನೆಹರೂ ವರದಿ ಬಂತು. ಕನ್ನಡದವರಾಗಿ ನಾವು ಇದನ್ನ ನೆನಪಿಡಬೇಕು, ಯಾಕಂದ್ರೆ ಬೊಂಬಾಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದ ಕರ್ನಾಟಕ ಒಂದಾಗೋಕೆ ಬಲವಾದ ಕಾರಣ ಇದೆ ಅಂತ ಆ ವರದಿಯಲ್ಲಿ ಬರೆದ್ರು. ಆಗಿದ್ದು 1956ಕ್ಕೆ, ಇಪ್ಪತ್ತೆಂಟು ವರ್ಷ ತಡವಾಗಿ, ಆದರೆ ದೇಶದ ಮಟ್ಟದ ಕಾಗದದಲ್ಲಿ ಮಾತು ಬಿದ್ದಿದ್ದು ಅಲ್ಲಿ.

ಫೆಬ್ರವರಿ 16ಕ್ಕೆ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಲಾಲಾ ಲಜಪತ್ ರಾಯ್ ಎದ್ದು ನಿಂತು ಸೈಮನ್ ಕಮಿಷನ್ ಮೇಲೆ ನಮಗೆ ನಂಬಿಕೆ ಇಲ್ಲ ಅನ್ನೋ ಠರಾವು ಮಂಡಿಸಿದ್ರು. ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ವಿಠ್ಠಲಭಾಯಿ ಪಟೇಲ್. ಅಣ್ಣ ದೆಹಲಿಯಲ್ಲಿ, ತಮ್ಮ ಬಾರ್ಡೋಲಿಯಲ್ಲಿ. ಠರಾವು 68ಕ್ಕೆ 62 ಮತದಲ್ಲಿ ಪಾಸಾಯ್ತು. ಸರ್ಕಾರ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಕ್ಟೋಬರ್ 30ಕ್ಕೆ ಲಾಹೋರಲ್ಲಿ ಲಾಠಿ ಬಿತ್ತು, ನವೆಂಬರ್ 17ಕ್ಕೆ ಲಾಲಾಜಿ ಹೋದ್ರು. ಫೆಬ್ರವರಿಯಲ್ಲಿ ಅವರು ಕಾನೂನಿನ ದಾರೀಲಿ, ಸಭೆಯೊಳಗೆ, ಮತ ಹಾಕಿಸಿ ಗೆದ್ದಿದ್ರು ಅನ್ನೋದನ್ನ ನಾವು ಮಕ್ಕಳಿಗೆ ಹೇಳೋದೇ ಇಲ್ಲ, ಲಾಠಿ ಏಟು ಮಾತ್ರ ಹೇಳ್ತೀವಿ.

20ಕ್ಕೆ ಜಪಾನಿನಲ್ಲಿ ಚುನಾವಣೆ. ತೆರಿಗೆ ಕಟ್ಟಿದವರಿಗೆ ಮಾತ್ರ ಓಟು ಅನ್ನೋ ನಿಯಮ ತೆಗೆದು, 25 ತುಂಬಿದ ಗಂಡಸರಿಗೆಲ್ಲ ಓಟು ಕೊಟ್ಟ ಮೇಲಿನ ಮೊದಲ ಸಾರ್ವತ್ರಿಕ ಚುನಾವಣೆ. ಮತದಾರರು ಸುಮಾರು 30 ಲಕ್ಷದಿಂದ 1 ಕೋಟಿ 20 ಲಕ್ಷಕ್ಕೆ ಏರಿದ್ರು. ಹೆಂಗಸರಿಗೆ ಇಲ್ಲ. ಒಂದು ತಿಂಗಳೂ ತುಂಬಿರಲಿಲ್ಲ, ಮಾರ್ಚ್ 15ಕ್ಕೆ ಎಡಪಂಥದವರನ್ನ ಸಾವಿರಕ್ಕೂ ಮೇಲೆ ಹಿಡಿದು ಒಳಗೆ ಹಾಕಿದ್ರು. ಕೇಳಿದ್ರು ನಿಜ, ಬಂದ ಉತ್ತರದಲ್ಲಿ ಬೇಡದ್ದನ್ನ ಹೀಗೆ ಅಳಿಸಿದ್ರು.

ಕೊನೇಗೆ ಕಲ್ಕತ್ತಾ. ಇದನ್ನ ನಾನು ಇಷ್ಟೊತ್ತು ಹೇಳಿದ್ದಕ್ಕೆ ಎಳೆದು ಕಟ್ಟೋಕೆ ಹೋಗಲ್ಲ, ಅದೇ ತಿಂಗಳಲ್ಲಿ ಇದೂ ಆಯ್ತು, ಅಷ್ಟೇ ಸಾಕು. ಬೌಬಜಾರ್ ರಸ್ತೆಯ 210ನೇ ನಂಬರಿನ ಕಟ್ಟಡ, ಮಹೇಂದ್ರಲಾಲ್ ಸರ್ಕಾರ್ ಅನ್ನೋ ಡಾಕ್ಟರು 1876ರಲ್ಲಿ ಜನರ ಹತ್ರ ದುಡ್ಡೆತ್ತಿ ಕಟ್ಟಿದ ವಿಜ್ಞಾನ ಸಂಸ್ಥೆ. ಲಜಪತ್ ರಾಯ್ ಠರಾವು ಮಂಡಿಸಿದ ಅದೇ 16ನೇ ತಾರೀಖು ರಾಮನ್ ಮತ್ತು ಕೃಷ್ಣನ್ ಲಂಡನ್ನಿನ ನೇಚರ್ ಪತ್ರಿಕೆಗೆ ಮೊದಲ ಪತ್ರ ಬರೆದ್ರು. ಅದರಲ್ಲಿ ಏನೋ ಹೊಸಾದು ಕಾಣ್ತಿದೆ ಅನ್ನೋವರೆಗೆ ಇತ್ತು. 21ಕ್ಕೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮಂಡೆಲ್ಸ್ಟಾಮ್ ಅನ್ನೋ ಇಬ್ಬರು ಸ್ಫಟಿಕದಲ್ಲಿ ಇದನ್ನೇ ಕಂಡ್ರು, ಅವರಿಗೆ ಇವರ ಸುದ್ದಿ ಗೊತ್ತಿಲ್ಲ, ಇವರಿಗೆ ಅವರದ್ದು ಗೊತ್ತಿಲ್ಲ.

28, ಮಂಗಳವಾರ. ಕೃಷ್ಣನ್ ಅವತ್ತು ಮಧ್ಯಾಹ್ನದ ಮೇಲೆ ಲ್ಯಾಬಿಗೆ ಬಂದ್ರು. ದ್ರವದೊಳಗೆ ಬಿಡೋ ಬೆಳಕಿಗೆ ನೀಲಿ-ನೇರಳೆ ಗಾಜಿನ ಜೊತೆ ಯುರೇನಿಯಂ ಗಾಜನ್ನೂ ಅಡ್ಡ ಹಿಡಿದ್ರು, ಬಣ್ಣದ ಪಟ್ಟಿ ಇನ್ನೂ ಕಿರಿದಾಗ್ಲಿ ಅಂತ. ಕೈಯಲ್ಲಿ ಹಿಡ್ಕೊಳ್ಳೋ ಸಣ್ಣ ರೋಹಿತದರ್ಶಕದಲ್ಲಿ ನೋಡಿದ್ರು. ಬಿಟ್ಟ ಬೆಳಕಿನ ಪಟ್ಟಿ ಒಂದು ಕಡೆ, ಬಣ್ಣ ಬದಲಾದ ಬೆಳಕಿನ ಪಟ್ಟಿ ಇನ್ನೊಂದು ಕಡೆ, ಎರಡರ ಮಧ್ಯೆ ಕಪ್ಪು ಜಾಗ. ಆ ಕಪ್ಪು ಜಾಗವೇ ಸಾಕ್ಷಿ. ದ್ರವಕ್ಕೆ ತಾಗಿದ ಬೆಳಕಲ್ಲಿ ಚದುರೋದೇ ಸ್ವಲ್ಪ, ಅದರಲ್ಲೂ ಹೆಚ್ಚಿನದು ಅದೇ ಬಣ್ಣದಲ್ಲಿ ಚದುರತ್ತೆ, ತೀರಾ ಸಣ್ಣ ಪಾಲು ಮಾತ್ರ ಅಣುವಿಗೆ ಒಂಚೂರು ಶಕ್ತಿ ಕೊಟ್ಟು ಅಥವಾ ತಗೊಂಡು ಬೇರೆ ಬಣ್ಣ ಆಗಿ ಬರತ್ತೆ. ಎಷ್ಟು ಬದಲಾಯ್ತು ಅಂತ ನೋಡಿದ್ರೆ ಯಾವ ಅಣು ಅಂತ ಹೇಳಬಹುದು, ಇವತ್ತು ಔಷಧಿ ಫ್ಯಾಕ್ಟರಿಯಲ್ಲಿ ಇದೇ ಕೆಲಸ ಮಾಡೋ ಮೆಷಿನ್ ಇವೆ. 29ಕ್ಕೆ, ಆ ಅಧಿಕ ದಿನಕ್ಕೆ, ಸುದ್ದಿ ಪತ್ರಿಕೆಯವರಿಗೆ ಹೋಯ್ತು. 1930ರಲ್ಲಿ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಕೃಷ್ಣನ್ ಹೆಸರು ನಾವು ಇನ್ನೂ ಜೋರಾಗಿ ಹೇಳ್ಬೇಕು ಅನ್ನೋದು ನನ್ನ ಅಭಿಪ್ರಾಯ, ಆ ಡೈರಿ ಓದಿದವರು ಯಾರೂ ಬೇರೆ ಹೇಳಲ್ಲ ಅನ್ಕೊಂಡಿದೀನಿ.

ಫೆಬ್ರವರಿ ಮುಗೀತು, ಆದರೂ ಒಂದು ತಾರೀಖು ದಾಟಿ ಹೋಗ್ತೀನಿ. ಮಾರ್ಚ್ 16ಕ್ಕೆ ರಾಮನ್ ಬೆಂಗಳೂರಿಗೆ ಬಂದು, ಸೆಂಟ್ರಲ್ ಕಾಲೇಜಲ್ಲಿ ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆ ಮುಂದೆ "ಒಂದು ಹೊಸ ವಿಕಿರಣ" ಅಂತ ಈ ಶೋಧದ ಬಗ್ಗೆ ಪೂರ್ತಿ ಉಪನ್ಯಾಸ ಕೊಟ್ರು. ನೇಚರಿಗೆ ಬರೆದ ಆ ಮೊದಲ ಪತ್ರ ಅಚ್ಚಾಗಿದ್ದು ಮಾರ್ಚ್ 31ಕ್ಕೆ. ಅಂದ್ರೆ ಲಂಡನ್ನಿನವರು ಓದೋಕೆ ಹದಿನೈದು ದಿನ ಮುಂಚೇನೇ ಬೆಂಗಳೂರಿನ ಜನ ಕೂತು ಇದನ್ನ ಕೇಳಿದ್ರು. ಮೆಟ್ರೋದಲ್ಲಿ ಸೆಂಟ್ರಲ್ ಕಾಲೇಜ್ ಸ್ಟೇಷನಲ್ಲಿ ಇಳಿದ್ರೆ ಆ ಆವರಣ ಈಗಲೂ ಇದೆ, ಆ ಕಲ್ಲಿನ ಹಳೇ ಕಟ್ಟಡ ಒಂದ್ಸಲ ನಿಂತು ನೋಡಿ.